ಆ ಕಡೆಯವರೂ ಒಪ್ಪಬೇಕಲ್ಲ

ನನ್ನ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಮುಂದಿನಿಂದ ತೆರೆದರೆ ಮಹಾಲಿಂಗಪುರದ ಬೆಲ್ಲದ ಮಾರುಕಟ್ಟೆಯ ಬಗ್ಗೆ ನನ್ನ ಪಿಎಚ್.ಡಿ. ಟಿಪ್ಪಣಿಗಳು. ಹಿಂದಿನಿಂದ ತೆರೆದರೆ ಆರ್‌ಸಿಬಿಯನ್ನು ಉದ್ಧಾರ ಮಾಡುವ ಯೋಜನೆಗಳು. ಹಿಂದಿನ ಅರ್ಧವೇ ಮೊದಲು ತುಂಬಿದ್ದು. ಸಂಶೋಧನೆಗೆ ಸೇರಿದಾಗ ಉಳಿದ ಹಾಳೆ ಯಾಕೆ ದಂಡ ಮಾಡುವುದು ಅಂತ ತಿರುಗಿಸಿ ಬರೆಯಲು ಶುರು ಮಾಡಿದೆ.

ಹಿಂದಿನ ಅರ್ಧದ ಮೊದಲ ಪುಟದ ಮೇಲೆ 23 ಏಪ್ರಿಲ್ 2017 ಎಂಬ ತಾರೀಖಿದೆ. ಆರ್‌ಸಿಬಿ ಅಭಿಮಾನಿಗಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವತ್ತು ಈಡನ್ ಗಾರ್ಡನ್ಸ್‌ನಲ್ಲಿ ಕೋಲ್ಕತ್ತಾವನ್ನು 131ಕ್ಕೆ ಕಟ್ಟಿಹಾಕಿ, ಗೆದ್ದೇಬಿಟ್ಟೆವು ಅಂದುಕೊಂಡು ನಾವು ಊಟಕ್ಕೆ ಹೋಗಿದ್ದೆವು. ಮೆಸ್ಸಿನಿಂದ ಕೈ ತೊಳೆದುಕೊಂಡು ಬರುವಷ್ಟರಲ್ಲಿ ನಮ್ಮವರು 49ಕ್ಕೆ ಆಲೌಟ್. ಹತ್ತು ಓವರ್ ಕೂಡ ಆಡಲಿಲ್ಲ. ಕೊಹ್ಲಿ, ಗೇಲ್, ಡಿವಿಲಿಯರ್ಸ್ ಮೂವರೂ ಇದ್ದ ತಂಡದಲ್ಲಿ ಒಬ್ಬನೂ ಎರಡಂಕಿ ಮುಟ್ಟಲಿಲ್ಲ. ಆಗ ನಾನು ಧಾರವಾಡದಲ್ಲಿ ಬಿ.ಎ. ಎರಡನೆಯ ವರ್ಷ. ಆ ರಾತ್ರಿ ನಿದ್ದೆ ಬರದೆ ಹೊಸ ನೋಟ್‌ಬುಕ್ ತೆಗೆದು ಬರೆದ ಮೊದಲ ಸಾಲು ಹೀಗಿದೆ: ‘ಟೈಮಲ್ ಮಿಲ್ಸ್ + ಸ್ಟುವರ್ಟ್ ಬಿನ್ನಿ ಕೊಡುವುದು. ಬುಮ್ರಾನನ್ನು ತೆಗೆದುಕೊಳ್ಳುವುದು.’

ಈಗ ಓದಿದರೆ ನಗು ಬರುತ್ತದೆ. ಅವತ್ತು ಮಾತ್ರ ಅದು ನನಗೆ ಬಹಳ ನ್ಯಾಯವಾದ ವ್ಯವಹಾರವಾಗಿ ಕಂಡಿತ್ತು. ಮಿಲ್ಸ್‌ಗೆ ನಾವು 12 ಕೋಟಿ ಕೊಟ್ಟಿರಲಿಲ್ಲವೆ?

ಟ್ರೇಡ್ ಅನ್ನುವ ಶಬ್ದ ನನ್ನ ಕಿವಿಗೆ ಬಿದ್ದದ್ದು ಇದಕ್ಕೂ ಎಂಟು ವರ್ಷ ಮೊದಲು. 2008ರ ಮೊದಲ ಐಪಿಎಲ್‌ನಲ್ಲಿ ಎಂಟು ತಂಡಗಳ ಪೈಕಿ ಏಳನೆಯ ಸ್ಥಾನಕ್ಕೆ ಬಿದ್ದ ಆರ್‌ಸಿಬಿ, 2009ರ ಸೀಸನ್ನಿಗೆ ಮೊದಲು ಜಹೀರ್ ಖಾನ್‌ನನ್ನು ಮುಂಬೈಗೆ ಕೊಟ್ಟು ರಾಬಿನ್ ಉತ್ತಪ್ಪನನ್ನು ತಂದಿತು. ನನಗೆ ಹನ್ನೊಂದು ವರ್ಷ. ಮನುಷ್ಯರನ್ನು ಅದ್ಹೇಗೆ ಅದಲುಬದಲು ಮಾಡುತ್ತಾರೆ ಅಂತ ಬೆಳಗಲಿಯ ಸೋದರಮಾವನನ್ನು ಕೇಳಿದೆ. ರನ್ನನ ಬೆಳಗಲಿಯೇ ಅದು, ನಮ್ಮೂರಿನ ಮಗ್ಗುಲಲ್ಲೇ ಇದೆ. ಮಾವ ಒಕ್ಕಲುತನದವನು, ಅವನಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ. “ದನದ ಪ್ಯಾಟ್ಯಾಗ ನೋಡಿಲ್ಲೇನು? ನಿನ್ನ ಎತ್ತು ಅವಂಗ, ಅವನ ಎತ್ತು ನಿನಗ. ಹಲ್ಲ ಎಣಿಸಿ ನೋಡೂದು. ಫರಕ ಬಂದ್ರ ಮ್ಯಾಲ ರೊಕ್ಕ ಕೊಡೂದು” ಅಂದ. ಸ್ವಲ್ಪ ತಡೆದು, “ಆದ್ರ ಒಂದ ನೆಪ್ಪಿಡು. ಅವ ಮಾರಾಕ ಹತ್ಯಾನ ಅಂದ್ರ ಯಾಕ ಮಾರಾಕ ಹತ್ಯಾನ ಅನ್ನೂದು ಮೊದಲ ಕೇಳ್ಕೊಬೇಕು” ಅಂತಲೂ ಹೇಳಿದ. ಐಪಿಎಲ್ ಟ್ರೇಡಿನ ನಿಯಮಗಳನ್ನು ನಾನು ಆಮೇಲೆ ಎಷ್ಟೋ ಓದಿದ್ದೇನೆ. ಆಟಗಾರನಿಗೆ ಆಟಗಾರ, ಅಥವಾ ಆಟಗಾರನಿಗೆ ರೊಕ್ಕ, ಫರಕು ಬಂದರೆ ಮೇಲೆ ಕೊಡುವುದು. ಮಾವ ಹೇಳಿದ್ದಕ್ಕಿಂತ ಹೆಚ್ಚಿನದೇನೂ ಅದರಲ್ಲಿಲ್ಲ.

ಉತ್ತಪ್ಪ ಬಂದ ವರ್ಷ ನಾವು ಫೈನಲ್‌ಗೆ ಹೋದೆವು. ಜೋಹಾನ್ಸ್‌ಬರ್ಗ್‌ನಲ್ಲಿ ಕುಂಬ್ಳೆ 16 ರನ್ನಿಗೆ 4 ವಿಕೆಟ್ ತೆಗೆದರೂ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿನಿಂದ ಸೋತೆವು. ಆ ಆರು ರನ್ ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಹಾಸ್ಟೆಲ್ಲಿಗೆ ವಾಪಸು ಬರೋಣ. ನನ್ನ ನೋಟ್‌ಬುಕ್ಕಿನ ಸುದ್ದಿ ಹಬ್ಬಿ, ವಾರದೊಳಗೆ ಅದು ಐದು ಜನರ ಆಟವಾಯಿತು. ಚಿಕ್ಕೋಡಿ ಕಡೆಯ ಗೆಳೆಯ ಮುಂಬೈ ಇಂಡಿಯನ್ಸ್ ಮಾಲೀಕ. ಬಳ್ಳಾರಿಯವನು ಚೆನ್ನೈ, ಗದಗಿನವನು ಕೋಲ್ಕತ್ತಾ, ಇನ್ನೊಬ್ಬ ಹೈದರಾಬಾದ್. ಆರ್‌ಸಿಬಿ ಮಾತ್ರ ನನ್ನದೇ. ನಿಯಮ ಒಂದೇ: ನೀನು ಏನು ಬೇಕಾದರೂ ಕೇಳು, ಆದರೆ ಎದುರಿನವನು ಹೂಂ ಅಂದರೆ ಮಾತ್ರ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯಬೇಕು. ಒಂಬತ್ತು ತಿಂಗಳಲ್ಲಿ ನಾನು ನಲವತ್ತಕ್ಕೂ ಹೆಚ್ಚು ಟ್ರೇಡ್ ಬರೆದೆ. ಗೆರೆ ಬಿದ್ದದ್ದು ಎರಡಕ್ಕೆ.

ಚಿಕ್ಕೋಡಿಯವನ ಉತ್ತರ ಯಾವಾಗಲೂ ಒಂದೇ: “ನಾ ಯಾಕ ಕೊಡ್ಲಿ?” ಬುಮ್ರಾಗೆ ನಾಲ್ಕು ಜನರನ್ನು ಕೊಡುತ್ತೇನೆ ಅಂದಾಗ ಅವನು ತಟ್ಟೆಯಲ್ಲಿನ ರೊಟ್ಟಿ ಮುರಿಯುತ್ತ, “ಲೇ, ನಿನ್ನ ಮನ್ಯಾಗ ಕೆಟ್ಟ ನಾಕ್ ಫ್ಯಾನ್ ಅದಾವಂತ ನನ್ನ ಮನ್ಯಾಗಿನ ಒಂದ ಫ್ರಿಜ್ ಕೊಡ್ಲೇನು?” ಅಂದ. ಎಲ್ಲರೂ ನಕ್ಕರು. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ನಮ್ಮ ಹುಡುಗರು ಕೆಟ್ಟ ಫ್ಯಾನ್‌ಗಳೇ?

ಆ ಸಿಟ್ಟಿಗೆ ಒಂದು ಹೆಸರಿದೆ ಅಂತ ತಿಳಿದದ್ದು ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ. ಕಾನೆಮನ್, ನೆಟ್ಷ್, ಥೇಲರ್ ಎಂಬ ಮೂವರು 1990ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ ಕೊಟ್ಟರು, ಉಳಿದರ್ಧಕ್ಕೆ ಕೊಡಲಿಲ್ಲ. ಆಮೇಲೆ ಮಾರುವವರು ಮಾರಿ, ಕೊಳ್ಳುವವರು ಕೊಳ್ಳಿ ಅಂದರು. ಮಗ್ ಸಿಕ್ಕವರು ಕೇಳಿದ ಬೆಲೆ, ಸಿಗದವರು ಕೊಡಲು ತಯಾರಿದ್ದ ಬೆಲೆಗಿಂತ ಸುಮಾರು ಎರಡು ಪಟ್ಟು. ಮಗ್ ಒಂದೇ ಥರದ್ದು. ಸಿಕ್ಕಿದ್ದು ಕೆಲವೇ ನಿಮಿಷಗಳ ಹಿಂದೆ, ಅದೂ ಪುಕ್ಕಟೆ. ಆದರೂ ಕೈಗೆ ಬಂದ ಮೇಲೆ ಅದು ‘ನನ್ನ’ ಮಗ್. ತರಗತಿಯಲ್ಲಿ ಎಲ್ಲರೂ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರೆ ನನ್ನ ತಲೆಯಲ್ಲಿ ನಾಲ್ಕು ಫ್ಯಾನ್ ತಿರುಗುತ್ತಿದ್ದವು.

ಇದನ್ನೇ ನಾನು ಬೆಲ್ಲದ ಪೇಟೆಯಲ್ಲಿ ದಿನವೂ ನೋಡುತ್ತೇನೆ. ಮಹಾಲಿಂಗಪುರದ ಬೆಲ್ಲ ಅಂದರೆ ದೊಡ್ಡ ಹೆಸರು. ಬೆಳಿಗ್ಗೆ ಪೆಂಟಿಗಳು ಸಾಲಾಗಿ ಕೂತಿರುತ್ತವೆ. ಅಡತಿ ಅಂಗಡಿಯವನ ಹಿಂದೆ ಖರೀದಿದಾರರ ಗುಂಪು ಸಾಲಿನಿಂದ ಸಾಲಿಗೆ ಸರಿಯುತ್ತದೆ. ಒಬ್ಬ ಬಣ್ಣ ನೋಡುತ್ತಾನೆ, ಒಬ್ಬ ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾನೆ, ಇನ್ನೊಬ್ಬ ಉಗುರಿನಿಂದ ಕೆರೆದು ಗಟ್ಟಿತನ ನೋಡುತ್ತಾನೆ. ಲಿಲಾವು ಕೂಗಿ ಮುಂದಿನ ಸಾಲಿಗೆ ಹೋಗುವುದು ಕ್ಷಣದ ಕೆಲಸ. ಆ ಸಾಲಿನ ಪಕ್ಕದಲ್ಲಿ ನಿಂತ ರೈತನ ಮುಖವನ್ನು ಮಾತ್ರ ಯಾರೂ ನೋಡುವುದಿಲ್ಲ. ಅವನ ಲೆಕ್ಕದಲ್ಲಿ ಅದು ಬರೀ ಬೆಲ್ಲವಲ್ಲ. ಹನ್ನೆರಡು ತಿಂಗಳ ಕಬ್ಬು, ರಾತ್ರಿಯ ಮೂರು ತಾಸಿನ ಕರೆಂಟಿನಲ್ಲಿ ಹಾಯಿಸಿದ ನೀರು, ಗಾಣದ ಮುಂದೆ ಕಾದ ರಾತ್ರಿ. ಕೊಳ್ಳುವವನು ಇದ್ಯಾವುದಕ್ಕೂ ಬೆಲೆ ಕಟ್ಟುವುದಿಲ್ಲ. ಅವನು ನೋಡುವುದು ಬಣ್ಣ.

ಅಭಿಮಾನಿಯೂ ಈ ರೈತನ ಥರದವನೇ. ಅವನ ಬೆಲೆಯೊಳಗೆ ಅವನು ಕಳೆದ ರಾತ್ರಿಗಳೆಲ್ಲ ಸೇರಿಕೊಂಡಿರುತ್ತವೆ.

ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬರುವ ಹೆಸರು ಕೆ.ಎಲ್. ರಾಹುಲ್. 2013ರಲ್ಲಿ ನಮ್ಮ ತಂಡದಲ್ಲಿದ್ದ ಹುಡುಗ ಹೈದರಾಬಾದಿಗೆ ಹೋದ. 2016ಕ್ಕೆ ಮೊದಲು ಟ್ರೇಡಿನಲ್ಲೇ ವಾಪಸು ಬಂದು 397 ರನ್ ಹೊಡೆದ. ಗಾಯದಿಂದ 2017 ಆಡಲಿಲ್ಲ. 2018ರ ಹರಾಜಿಗೆ ಮೊದಲು ನಾವು ಉಳಿಸಿಕೊಂಡದ್ದು ಕೊಹ್ಲಿ, ಡಿವಿಲಿಯರ್ಸ್, ಸರ್ಫರಾಜ್ ಖಾನ್‌ರನ್ನು. ರಾಹುಲ್ 11 ಕೋಟಿಗೆ ಪಂಜಾಬಿಗೆ ಹೋದ. ಅದಾದ ಮೇಲೆ ಪ್ರತಿವರ್ಷ ನಾನು ಅವನನ್ನು ಮರಳಿ ತರುವ ಒಂದೊಂದು ಟ್ರೇಡ್ ಬರೆದಿದ್ದೇನೆ. ಆ 49ರ ದಿನ ಕೋಲ್ಕತ್ತಾ ತಂಡದಲ್ಲಿದ್ದ ಉತ್ತಪ್ಪ, ಮನೀಶ್ ಪಾಂಡೆ ಇಬ್ಬರೂ ಒಂದು ಕಾಲಕ್ಕೆ ನಮ್ಮವರೇ. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಪಾಂಡೆ, ಅದೂ 2009ರಲ್ಲಿ ಆರ್‌ಸಿಬಿ ಜೆರ್ಸಿಯಲ್ಲಿ. ಊರಿನ ಹುಡುಗರನ್ನೆಲ್ಲ ಬಿಟ್ಟುಕೊಟ್ಟು ಊರಿನ ಹೆಸರನ್ನು ಮಾತ್ರ ಇಟ್ಟುಕೊಂಡರು ಅನ್ನುವುದು ನನ್ನ ದೊಡ್ಡ ದೂರು. 2025ರ ಏಪ್ರಿಲ್ 10ರಂದು ರಾಹುಲ್ ದೆಹಲಿಯ ಜೆರ್ಸಿಯಲ್ಲಿ ಚಿನ್ನಸ್ವಾಮಿಗೆ ಬಂದು, ಔಟಾಗದೆ 93 ಹೊಡೆದು, ನಮ್ಮನ್ನು ಸೋಲಿಸಿ, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಇದು ನನ್ನ ಜಾಗ ಅಂತ ಸನ್ನೆ ಮಾಡಿದಾಗ, ನಮ್ಮ ತಂಡ ಸೋತದ್ದಕ್ಕೆ ಬೇಸರಪಡಬೇಕೋ ಅವನು ಹೇಳಿದ್ದಕ್ಕೆ ಚಪ್ಪಾಳೆ ತಟ್ಟಬೇಕೋ ತಿಳಿಯದೆ ಕೂತಿದ್ದೆ.

ಆದರೆ ನಿಜವಾದ ಟ್ರೇಡ್‌ಗಳು ನನ್ನ ಪ್ರೀತಿಯ ಮೇಲೆ ನಡೆಯುತ್ತಿರಲಿಲ್ಲ, ಎದುರಿನವರ ಅವಸರದ ಮೇಲೆ ನಡೆಯುತ್ತಿದ್ದವು. 2021ಕ್ಕೆ ಮೊದಲು ದೆಹಲಿಯಿಂದ ಹರ್ಷಲ್ ಪಟೇಲ್‌ನನ್ನು ತಂದಾಗ, ಅವನು 2012ರಿಂದ 2017ರವರೆಗೆ ನಮ್ಮಲ್ಲೇ ಇದ್ದು ಹೋದವನಲ್ಲವೆ ಅಂತ ನಾವೇ ಮೂಗು ಮುರಿದೆವು. ಅವನು ಆ ವರ್ಷ 32 ವಿಕೆಟ್ ತೆಗೆದ. ದೆಹಲಿಗೆ ಬೇಡವಾಗಿದ್ದುದು ನಮಗೆ ಬೇಕಾಗಿತ್ತು. 2023ರ ನವೆಂಬರಿನಲ್ಲಿ ಕ್ಯಾಮರೂನ್ ಗ್ರೀನ್‌ನನ್ನು ಮುಂಬೈನಿಂದ 17.5 ಕೋಟಿಗೆ ತಂದದ್ದೂ ಹಾಗೆಯೇ. ಗುಜರಾತಿನಿಂದ ಹಾರ್ದಿಕ್ ಪಾಂಡ್ಯನನ್ನು 15 ಕೋಟಿಗೆ ವಾಪಸು ಕರೆಸಿಕೊಳ್ಳಲು ಮುಂಬೈಗೆ ಪರ್ಸಿನಲ್ಲಿ ಜಾಗ ಬೇಕಿತ್ತು. ನಾವೋ, ಹರ್ಷಲ್, ಹಸರಂಗ, ಹೇಜಲ್‌ವುಡ್‌ರನ್ನು ಬಿಟ್ಟು ರೊಕ್ಕ ಖಾಲಿ ಮಾಡಿಕೊಂಡು ನಿಂತಿದ್ದೆವು. ಚಿಕ್ಕೋಡಿಯವನಿಗೆ ಫೋನ್ ಮಾಡಿ, “ನಿನ್ನ ಫ್ರಿಜ್ ಕೊಟ್ಟಿ ನೋಡು” ಅಂದೆ. “ನನಗ ಬ್ಯಾರೆ ಫ್ರಿಜ್ ಬರೂದಿತ್ತು, ಜಾಗಾ ಬೇಕಾಗಿತ್ತು” ಅಂದ. ಆರು ವರ್ಷದಲ್ಲಿ ಮೊದಲ ಸಲ ಅವನ ಕಡೆಯಿಂದ ಲೆಕ್ಕ ನೋಡಿದೆ. ದನದ ಪೇಟೆಯ ಬಗ್ಗೆ ಮಾವ ಹೇಳಿದ್ದೂ ಇದನ್ನೇ.

ಹಾಗಂತ ಆ ಲೆಕ್ಕ ಹಿಡಿದವರಿಗೆಲ್ಲ ಗೆಲುವು ಸಿಕ್ಕುತ್ತದೆ ಅಂತಲ್ಲ. ಬಿಟ್ಟುಕೊಟ್ಟ ಹರ್ಷಲ್ 2024ರಲ್ಲಿ ಪಂಜಾಬಿಗೆ 24 ವಿಕೆಟ್ ತೆಗೆದು ಮತ್ತೆ ಪರ್ಪಲ್ ಕ್ಯಾಪ್ ಹಾಕಿಕೊಂಡ. ಅದೇ ವರ್ಷ ನಾವು ಮೊದಲ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದು. ಆಮೇಲೆ ಸತತ ಆರು ಗೆದ್ದು ಪ್ಲೇಆಫ್‌ಗೆ ಹೋದದ್ದು ಬೇರೆ ಕತೆ. ಆ ವರ್ಷದ ಕೊನೆಗೆ ದೊಡ್ಡ ಹರಾಜು ಬಂದಾಗ ಕೊಹ್ಲಿ, ರಜತ್ ಪಾಟೀದಾರ್, ಯಶ್ ದಯಾಳ್ ಮೂವರನ್ನಷ್ಟೇ ಉಳಿಸಿಕೊಂಡು ಮನೆಯನ್ನೇ ಖಾಲಿ ಮಾಡಿದರು. ಹೇಜಲ್‌ವುಡ್‌ನನ್ನು 12.5 ಕೋಟಿಗೆ ಮತ್ತೆ ಕೊಂಡರು. ಭುವನೇಶ್ವರ್, ಸಾಲ್ಟ್, ಜಿತೇಶ್, ಕೃಣಾಲ್ ಬಂದರು. ದೊಡ್ಡ ಹೆಸರಿನ ಹಿಂದೆ ಓಡದೆ ಹನ್ನೊಂದು ಜಾಗ ತುಂಬಿಸುವ ಕೆಲಸ. ನನ್ನ ನೋಟ್‌ಬುಕ್ಕಿನಲ್ಲಿ ಕೃಣಾಲ್ ಪಾಂಡ್ಯನ ಹೆಸರು ಒಂದು ಸಲವೂ ಇಲ್ಲ.

2025ರ ಜೂನ್ 3, ಅಹಮದಾಬಾದ್. ಕೃಣಾಲ್ 17 ರನ್ನಿಗೆ 2 ವಿಕೆಟ್ ತೆಗೆದು ಪಂದ್ಯಶ್ರೇಷ್ಠನಾದ. ಪಂಜಾಬ್ ವಿರುದ್ಧ ನಾವು ಗೆದ್ದೆವು, 6 ರನ್ನಿನಿಂದ. ಹದಿನಾರು ವರ್ಷದ ಹಿಂದೆ ಸೋತದ್ದೂ ಅಷ್ಟೇ ರನ್ನಿನಿಂದ. ಕಪ್ ಎತ್ತಿದ ನಾಯಕ ಪಾಟೀದಾರ್‌ನನ್ನು 2021ರ ನಂತರ ನಾವೇ ಬಿಟ್ಟಿದ್ದೆವು. 2022ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ. ಇನ್ನೊಬ್ಬನಿಗೆ ಗಾಯವಾಯಿತೆಂದು ನಡುವೆ ಬದಲಿಯಾಗಿ ಬಂದವನು. 2011ರಲ್ಲಿ ಗೇಲ್ ಬಂದದ್ದೂ ಹಾಗೆಯೇ, ಹರಾಜಿನಲ್ಲಿ ಉಳಿದುಹೋಗಿ, ಗಾಯಗೊಂಡ ನ್ಯಾನಿಸ್‌ನ ಜಾಗಕ್ಕೆ. ನನ್ನ ನಲವತ್ತು ಟ್ರೇಡ್‌ಗಳಲ್ಲಿ ಯಾರಿಗೂ ಬೇಡವಾದವನನ್ನು ತರುವ ಟ್ರೇಡ್ ಒಂದೂ ಇರಲಿಲ್ಲ.

ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ನನ್ನಂಥವರೇ ಅವರು. ರಾತ್ರಿಯೆಲ್ಲ ಕುಣಿದ ನಾನು ಮರುದಿನ ಸಂಜೆ ಫೋನ್ ಕೆಳಗಿಟ್ಟು ಸುಮ್ಮನೆ ಕೂತೆ. ಅವತ್ತಿನಿಂದ ಐದು ತಿಂಗಳು ನೋಟ್‌ಬುಕ್ಕಿನ ಹಿಂದಿನ ಅರ್ಧ ತೆರೆಯಲಿಲ್ಲ.

ತೆರೆದದ್ದು ನವೆಂಬರಿನಲ್ಲಿ, ನನ್ನ ಅಕ್ಕ. ಕಬ್ಬಿನ ದರಕ್ಕಾಗಿ ನಮ್ಮ ಭಾಗದ ರೈತರು ಬೀದಿಗಿಳಿದಿದ್ದ ದಿನಗಳವು. ಕ್ಷೇತ್ರಕಾರ್ಯಕ್ಕೆ ಬಂದವನು ಬನಹಟ್ಟಿಯಲ್ಲಿ ಅಕ್ಕನ ಮನೆಯಲ್ಲಿ ಉಳಿದಿದ್ದೆ. ಅವಳ ಮನೆಯಲ್ಲೂ ಮಗ್ಗ, ನಮ್ಮ ಮನೆಯಲ್ಲೂ ಮಗ್ಗ. ಪವರ್‌ಲೂಮಿನ ಸದ್ದಿನಲ್ಲೇ ಬೆಳೆದ ನಮಗೆ ಅದು ನಿಂತರೆ ಎಚ್ಚರವಾಗುತ್ತದೆ. ಆ ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತಿತ್ತು. ನಾನು ಮೊಬೈಲಿನಲ್ಲಿ ಟ್ರೇಡ್ ಸುದ್ದಿ ಓದುತ್ತಿದ್ದೆ: ಸಂಜು ಸ್ಯಾಮ್ಸನ್ ಚೆನ್ನೈಗೆ, ಬದಲಿಗೆ ಜಡೇಜ ಮತ್ತು ಸ್ಯಾಮ್ ಕರನ್ ರಾಜಸ್ಥಾನಕ್ಕೆ. ಜಡೇಜನ 18 ಕೋಟಿ 14 ಆಗಿತ್ತು. ಇದೇ ಜಡೇಜ, ರಾಜಸ್ಥಾನದ ಒಪ್ಪಂದದಲ್ಲಿರುವಾಗ ತಾನೇ ಮುಂಬೈ ಜೊತೆ ಮಾತಾಡಿದ ಅಂತ 2010ರ ಸೀಸನ್ ಪೂರ್ತಿ ಹೊರಗೆ ಕೂತವನು. ತಂಡಗಳು ಆಟಗಾರನ ಬಗ್ಗೆ ಮಾತಾಡಬಹುದು. ಆಟಗಾರ ತನ್ನ ಬಗ್ಗೆ ತಾನೇ ಮಾತಾಡಿದರೆ ತಪ್ಪು.

ಅಕ್ಕ ನನ್ನ ನೋಟ್‌ಬುಕ್ ತಿರುವಿಹಾಕುತ್ತಿದ್ದಳು. ಒಂದು ಪುಟದ ಮೇಲೆ ಬೆರಳಿಟ್ಟು ಕೇಳಿದಳು: “ರಾಹುಲ್ ಬರ್ತಾನ, ಇವರಿಬ್ಬರು ಹೋಗ್ತಾರ. ಹೋಗೂ ಹುಡುಗರ್ನ ಯಾರರ ಕೇಳ್ತಾರೇನು?”

“ಹೂಂ, ಕೇಳ್ತಾರ. ಅವರ ಒಪ್ಪಿಗಿ ಬೇಕ ಬೇಕು.”

“ಒಲ್ಲೆ ಅಂದ್ರ?”

“ಯಾರೂ ಅನ್ನೂದಿಲ್ಲ. ತಂಡಕ್ಕ ತಾನು ಬ್ಯಾಡ ಅಂತ ಗೊತ್ತಾದ ಮ್ಯಾಲ ಯಾಂವ ಅಲ್ಲೇ ಇರ್ತೀನಂತಾನ?”

ಅಕ್ಕ ನಕ್ಕಳು. “ಖರೇನ. ಯಾರಂತಾರ” ಅಂದಳು. ಅಷ್ಟರಲ್ಲಿ ಕರೆಂಟು ಬಂತು. ಎದ್ದು ಹೋಗಿ ಮಗ್ಗ ಹಚ್ಚಿದಳು.

2015ರಲ್ಲಿ ನಾನು ಪಿಯುಸಿ ಮುಗಿಸಿದಾಗ ಅಕ್ಕನದು ಬಿ.ಕಾಂ. ಎರಡು ವರ್ಷ ಮುಗಿದಿತ್ತು, ಒಂದು ಉಳಿದಿತ್ತು. ಅದೇ ವರ್ಷ ಅಪ್ಪನ ನಡು ಹಿಡಿದು ಮಗ್ಗದ ಮುಂದೆ ನಿಲ್ಲುವುದು ಆಗದಂತಾಯಿತು. ಆಳು ಇಟ್ಟರೆ ಬಂದದ್ದೆಲ್ಲ ಪಗಾರಕ್ಕೇ ಹೋಗುತ್ತಿತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ ಅಕ್ಕನೇ ಹೇಳಿದಳು, “ನಾ ಮಗ್ಗ ನೋಡ್ಕೋತೀನಿ, ತಮ್ಮ ಧಾರವಾಡಕ್ಕ ಹೋಗ್ಲಿ.” ಯಾರೂ ಒತ್ತಾಯ ಮಾಡಲಿಲ್ಲ. ಅವಳಾಗಿಯೇ ಹೇಳಿದ್ದು. ಈ ಹತ್ತು ವರ್ಷ ನಾನು ಈ ಮಾತನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ: ಅವಳಾಗಿಯೇ ಹೇಳಿದ್ದು. ಅವಳಿಗೆ ನನಗಿಂತ ಹೆಚ್ಚು ಮಾರ್ಕು ಬೀಳುತ್ತಿತ್ತು. 49ರ ರಾತ್ರಿ ನಾನು ಬಿನ್ನಿಯನ್ನು ಕೊಡಲೋ ಮಿಲ್ಸ್‌ನನ್ನು ಕೊಡಲೋ ಅಂತ ತಲೆ ಕೆಡಿಸಿಕೊಂಡಿದ್ದ ಆ ಹಾಸ್ಟೆಲ್ಲಿನ ಮೆಸ್ ಬಿಲ್ಲು ಅವಳು ನೇಯ್ದ ಸೀರೆಗಳಿಂದ ಬರುತ್ತಿತ್ತು.

ಟ್ರೇಡ್ ಅನ್ನುವುದು ಬಹಳ ಹಳೆಯದಾಗಿರುವುದು ಅಮೆರಿಕದ ಬೇಸ್‌ಬಾಲಿನಲ್ಲಿ. 1969ರಲ್ಲಿ ಸೇಂಟ್ ಲೂಯಿಸ್ ತಂಡ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರನನ್ನು ಫಿಲಡೆಲ್ಫಿಯಾ ತಂಡಕ್ಕೆ ಟ್ರೇಡ್ ಮಾಡಿತು. ಹನ್ನೆರಡು ವರ್ಷ ಒಂದೇ ತಂಡಕ್ಕೆ ಆಡಿದವನು. ಅವನು ಒಲ್ಲೆ ಅಂದ. ಕೊಂಡು ಮಾರುವ ಸರಕು ನಾನಲ್ಲ ಅಂತ ಕಮಿಷನರಿಗೆ ಕಾಗದ ಬರೆದು, 1970ರ ಸೀಸನ್ ಆಡದೆ ಕೂತು, ಸುಪ್ರೀಂ ಕೋರ್ಟಿನವರೆಗೂ ಹೋದ. 1972ರಲ್ಲಿ 5–3ರಿಂದ ಸೋತ. ಆಟಗಾರರಿಗೆ ತಂಡ ಬಿಟ್ಟುಹೋಗುವ ಹಕ್ಕು ಸಿಕ್ಕಿತು, ಆದರೆ ಅವನ ಆಟ ಮುಗಿದ ಮೇಲೆ. ಒಲ್ಲೆ ಅನ್ನುವುದಕ್ಕೆ ತೆರುವ ಬೆಲೆ ಅಷ್ಟಿದ್ದರೆ, ಹೂಂ ಅಂದ ಉಳಿದವರೆಲ್ಲ ನಿಜಕ್ಕೂ ಹೂಂ ಅಂದಿದ್ದರೆ?

ಮಾರುಕಟ್ಟೆಯಲ್ಲಿ ಲಿಲಾವಿನ ದರ ಒಪ್ಪಿಗೆಯಾಗದಿದ್ದರೆ ರೈತ ಮಾಲು ಕೊಡಬೇಕಾಗಿಲ್ಲ. ನನ್ನ ಪ್ರಶ್ನಾವಳಿಯ ಹದಿನಾಲ್ಕನೆಯ ಪ್ರಶ್ನೆ ಅದೇ ಇತ್ತು: ‘ಲಿಲಾವಿನ ದರಕ್ಕೆ ನೀವು ಒಪ್ಪಿದಿರಾ? ಹೌದು / ಇಲ್ಲ.’ ಹೆಚ್ಚುಕಡಿಮೆ ಎಲ್ಲರೂ ‘ಹೌದು’ ಅಂದಿದ್ದರು. ನಾನು ಅದನ್ನು ಖುಷಿಯಿಂದ ಕೋಷ್ಟಕ ಮಾಡಿಟ್ಟಿದ್ದೆ. ಬನಹಟ್ಟಿಯಿಂದ ಮರಳಿದ ಮೇಲೆ ಅದರ ಕೆಳಗೆ ಇನ್ನೊಂದು ಪ್ರಶ್ನೆ ಸೇರಿಸಿದೆ: ‘ಇಲ್ಲ ಅಂದಿದ್ದರೆ ಮಾಲನ್ನು ಎಲ್ಲಿಗೆ ಒಯ್ಯುತ್ತಿದ್ದಿರಿ?’ ಮೊದಲ ದಿನ ಈ ಪ್ರಶ್ನೆ ಕೇಳಿದ ರೈತರೊಬ್ಬರು ನನ್ನನ್ನೇ ನೋಡುತ್ತ ನಿಂತರು. ಹೊರಗೆ ಬಾಡಿಗೆಯ ಟ್ರ್ಯಾಕ್ಟರ್ ಎಂಜಿನ್ ಬಂದ್ ಮಾಡದೆ ಕಾಯುತ್ತಿತ್ತು. “ಎಲ್ಲಿಗ ಒಯ್ಯೂನೋ ತಮ್ಮಾ?” ಅಂತ ನನ್ನನ್ನೇ ತಿರುಗಿ ಕೇಳಿದರು. ಅದನ್ನು ಯಾವ ಕೋಷ್ಟಕದಲ್ಲಿ ಹಾಕುವುದು ಅಂತ ಇನ್ನೂ ನಿರ್ಧರಿಸಿಲ್ಲ.

ಮಾರ್ಗದರ್ಶಕರು ಈ ಪ್ರಶ್ನೆ ಪ್ರಬಂಧಕ್ಕೆ ಅನಿವಾರ್ಯವೇ ಅಂತ ಕೇಳಿದ್ದಾರೆ. ಹೌದು ಅಂದಿದ್ದೇನೆ. ಇದನ್ನು ಕೇಳಬೇಕಾದವರು ಇನ್ನೊಬ್ಬರಿದ್ದಾರೆ, ಬನಹಟ್ಟಿಯಲ್ಲಿ. ಅಲ್ಲಿಗೆ ಪ್ರಶ್ನಾವಳಿ ಹಿಡಿದುಕೊಂಡು ಹೋಗುವಂತಿಲ್ಲ. ಮಗ್ಗ ನಿಂತಿರುವಾಗ ಹೋಗಬೇಕು, ಕರೆಂಟು ಬರುವುದರೊಳಗೆ ಕೇಳಿ ಮುಗಿಸಬೇಕು. ಎರಡು ಸಲ ಹೋಗಿ ಬಂದೆ. ಎರಡೂ ಸಲ ಅಕ್ಕ ಚಹಾ ಕೊಟ್ಟಳು, ಆರ್‌ಸಿಬಿಗೆ ಈ ವರ್ಷ ಯಾರು ಬರ್ತಾರ ಅಂತ ಕೇಳಿದಳು. ನಾನು ಅದಕ್ಕೇ ಉತ್ತರ ಹೇಳಿ ಎದ್ದು ಬಂದೆ.